ಪೇಶ್ಕಾರರ ಅರ್ಧ ಸಿಗಾರು

ಸಿಗಾರನ್ನು ಅಡಕೊತ್ತಿನಿಂದ ಸರಿಯಾಗಿ ನಡುವಿಗೆ ಕತ್ತರಿಸುತ್ತಿದ್ದ ಮನುಷ್ಯನೆಂದರೆ ನಾನು ಕಂಡದ್ದು ಒಬ್ಬರನ್ನೇ, ಸುರಪುರದ ಗುಂಡೇರಾವ್ ಪೇಶ್ಕಾರರನ್ನು. ಹವಾನಾದ್ದಿರಲಿ, ತಿರುಚಿನಾಪಳ್ಳಿಯದಿರಲಿ, ಅದರ ಬಣ್ಣ, ಕಟ್ಟು, ವಾಸನೆ ಎಲ್ಲವನ್ನೂ ಹೆಣ್ಣು ನೋಡಲು ಬಂದವರ ಹಾಗೆ ಪರೀಕ್ಷಿಸಿ, ಆಮೇಲೆ ಕಟಕ್ಕನೆ ಕೊಯ್ದುಬಿಡುತ್ತಿದ್ದರು. ಸಿಗಾರು ಬಲ್ಲವರು ನೋಡಿದ್ದರೆ ಅಲ್ಲೇ ಎದೆ ಬಡಿದುಕೊಳ್ಳುತ್ತಿದ್ದರು. ಬಿಚ್ಚಿಕೊಳ್ಳುವ ಎಲೆಗೆ ಒಂದಿಷ್ಟು ಗಂಜಿ ಹಚ್ಚಿ ಒತ್ತಿ, ಒಂದು ತುಂಡನ್ನು ತಾವು ಹಚ್ಚಿಕೊಂಡು, ಇನ್ನೊಂದನ್ನು ಎದುರಿನ ಬೆತ್ತದ ಕುರ್ಚಿಯ ಕೈಮೇಲೆ ಇಡುತ್ತಿದ್ದರು. ಆ ಕುರ್ಚಿಯಲ್ಲಿ ಯಾರೂ ಇರುತ್ತಿರಲಿಲ್ಲ.

ನಿಜಾಮನ ಆಳ್ವಿಕೆ ಮುಗಿದು, ಸಾಲೆಗಳಲ್ಲಿ ಉರ್ದು ಹೋಗಿ ಕನ್ನಡ ಬಂದಾಗ ವಿಜಾಪುರದ ಕಡೆಯಿಂದ ಮಾಸ್ತರಾಗಿ ಬಂದವನು ನಾನು. ಅವರ ಮನೆಯ ಹೊರಗಿನ ಕೋಣೆ ನನಗೆ ಬಾಡಿಗೆಗೆ ಸಿಕ್ಕಿತು. ಅವರು ಕೋರ್ಟಿನಲ್ಲಿ ಮುನ್ಸೀಫ ಸಾಹೇಬರ ಎದುರು ಉರ್ದು ಕಾಗದಪತ್ರ ಓದಿ ಹೇಳುತ್ತಿದ್ದ ಪೇಶ್ಕಾರರು. ಕಾಗದಗಳು ಕನ್ನಡಕ್ಕೆ ತಿರುಗಿದ ಮೇಲೆ ಅವರನ್ನು ಕೇಳುವವರಿರಲಿಲ್ಲ. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ನನ್ನ ಸಾಲೆಯ ಭಾಷೆಯೇ ಅವರ ಅನ್ನ ಕಿತ್ತುಕೊಂಡಿತ್ತು, ಆದರೂ ನನ್ನ ಮೇಲೆ ಅವರಿಗೆ ಒಂದು ದಿನವೂ ಸಿಟ್ಟು ಬರಲಿಲ್ಲ. ಬಂದಿದ್ದರೆ ಮನೆಯಲ್ಲಿ ಒಂದಿಷ್ಟು ಸದ್ದಾದರೂ ಇರುತ್ತಿತ್ತು.

ಖಾಲಿ ಕುರ್ಚಿಯ ಕತೆಯನ್ನು ಒಂದು ಸಂಜೆ ಅವರೇ ಹೇಳಿದರು. ಆಗೆಲ್ಲ ಶುಕ್ರವಾರ ಕೋರ್ಟಿಗೆ ರಜೆ. ಮುನ್ಸೀಫ ಸಾಹೇಬರು ಹೈದರಾಬಾದಿನವರು. ಅಲ್ಲಿಂದ ಯಾದಗಿರಿಯ ತನಕ ರೈಲಿನಲ್ಲಿ ಬಂದ ಸಿಗಾರಿನ ಪೆಟ್ಟಿಗೆ ಬಗಲಲ್ಲಿಟ್ಟುಕೊಂಡು ಸಂಜೆ ಇಲ್ಲಿಗೆ ಬರುತ್ತಿದ್ದರು. ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಇಬ್ಬರೂ ಸೇದಿ ತೀರ್ಪು ಕೊಡಬೇಕು.

"ಒಂದೇ ಸಿಗಾರು ಇಬ್ಬರೂ ಸೇದಿದ್ರನ ತೂಗಾಕ ಬರ್ತದ ಅಂದ್ರು ಸಾಹೇಬ್ರು. ನಮ್ಮಾಕಿ ಒಳಗಿಂದ ಕೇಳಿಸಿಕೊಂಡಳು. 'ಒಬ್ಬರ ಎಂಜಲ ಒಬ್ಬರು ಸೇದೂದು ನಮ್ಮ ಮನ್ಯಾಗ ನಡ್ಯಂಗಿಲ್ಲ' ಅಂತ ಬಾಗಿಲದಾಗಿಂದ ಅಡಕೊತ್ತು ಸರಿಸಿದಳು ನೋಡ್ರಿ. ಸಾಹೇಬ್ರು ನಕ್ಕೋತ ತಗೊಂಡ್ರು. ಅವತ್ತಿಂದ ಇದ ನಮ್ಮ ದಸ್ತೂರ್ ಆತು."

ಆದರೆ ತೀರ್ಪು ಮಾತ್ರ ಒಮ್ಮೆಯೂ ಒಂದಾಗಲಿಲ್ಲವಂತೆ. ಇವರು ಸಪ್ಪೆ ಎಂದರೆ ಅವರು ಖಾರ. ಅವರು ಕೆನೆಯ ಹಾಗಿದೆ ಎಂದರೆ ಇವರಿಗೆ ಗಂಟಲು ಕೆರೆತ. ಕೊನೆಗೆ ಪೇಶ್ಕಾರರು ಎದ್ದು ನಿಂತು, "ಕ್ಯಾ ಸಾಬ್, ನಾಲಿಗಿ ಅದನೋ, ಚಪ್ಪಲಿ ತಳಾ ಅದನೋ?" ಎನ್ನುವರು. ಕೋರ್ಟಿನಲ್ಲಿ ಕೈಕಟ್ಟಿ ನಿಲ್ಲುವ ಮನುಷ್ಯ ಮುನ್ಸೀಫನ ನಾಲಿಗೆಯನ್ನು ಚಪ್ಪಲಿ ಎನ್ನಬಹುದಾಗಿದ್ದದ್ದು ಆ ಎರಡು ಕುರ್ಚಿಗಳ ನಡುವೆ ಮಾತ್ರ.

ರಾಜ್ಯ ಹೋದಾಗ ಸಾಹೇಬರೂ ಹೋದರು. ಹೈದರಾಬಾದಿಗೆಂದು ಹೊರಟವರು ಅಲ್ಲಿಂದ ಎಲ್ಲಿಗೋ ದಾಟಿದರೆಂದು ಜನ ಹೇಳಿದರು. ಹೋಗುವ ಮುಂಚೆ ಉಳಿದ ಪೆಟ್ಟಿಗೆಗಳನ್ನೆಲ್ಲ ಇವರಿಗೆ ಒಪ್ಪಿಸಿ, ಒಂದು ದಪ್ಪ ಹವಾನಾ ಮಾತ್ರ ಬೇರೆ ಎತ್ತಿ ಕೊಟ್ಟು, "ಇದನ್ನ ನಾ ಬಂದ ಮ್ಯಾಲೆ ಕೊಯ್ಯೂಣು" ಎಂದಿದ್ದರಂತೆ. ಸುರಪುರದ ಬಿಸಿಲಿಗೆ ಅದು ಒಣಗದಿರಲೆಂದು ಪೇಶ್ಕಾರರು ಒಂದು ಮಡಕೆಗೆ ಹಸಿ ಮರಳು ತುಂಬಿ, ಮೇಲೆ ಬಟ್ಟೆ ಹಾಸಿ, ಅದರ ಮೇಲೆ ಹವಾನಾ ಮಲಗಿಸಿದ್ದರು. ಶುಕ್ರವಾರಕ್ಕೊಮ್ಮೆ ಮರಳಿಗೆ ನೀರು ಚಿಮುಕಿಸುವುದು ತಪ್ಪುತ್ತಿರಲಿಲ್ಲ. ಮಡಕೆಯ ಬಾಯಿ ಮುಚ್ಚುವಾಗ ಅವರ ಮುಖ ನೋಡಲು ನನಗೆ ಸಂಕಟವಾಗುತ್ತಿತ್ತು.

ಒಮ್ಮೆ ನನ್ನನ್ನೇ ಆ ಕುರ್ಚಿಯಲ್ಲಿ ಕೂರಿಸಿದರು. ತಿರುಚಿನಾಪಳ್ಳಿಯ ಅರ್ಧ ತುಂಡು ಸೇದಿ, ಕೆಮ್ಮು ನುಂಗಿಕೊಂಡು, "ಛಲೋ ಅದರಿ" ಎಂದೆ. ಮರುವಾರ ಇನ್ನೊಂದು. ಅದಕ್ಕೂ ಛಲೋ ಅದರಿ ಎಂದೆ. ಹಿರಿಯರೆದುರು ಮತ್ತೇನು ಹೇಳುವುದು?

"ಎಲ್ಲಾನೂ ಛಲೋ ಅಂದ್ರ ಹ್ಯಾಂಗ್ರಿ ಮಾಸ್ತರ?" ಎಂದು ಮೆಲ್ಲಗೆ ನಕ್ಕರು. ಮುಂದಿನ ಶುಕ್ರವಾರ ಕರೆಯಲಿಲ್ಲ. ಕಿಟಕಿಯಿಂದ ನೋಡಿದರೆ ಕುರ್ಚಿಯ ಕೈಮೇಲೆ ಮತ್ತೆ ತುಂಡು ಸುಮ್ಮನೆ ಬಿದ್ದಿತ್ತು. ಅಷ್ಟು ಒಂಟಿಯಾದ ಮನುಷ್ಯನನ್ನು ನಾನು ಆಮೇಲೂ ಕಂಡಿಲ್ಲ.

ನನಗೆ ಯಾದಗಿರಿಗೆ ವರ್ಗವಾಯಿತು. ಹೊರಡುವ ಸಂಜೆ ಟಾಂಗಾಕ್ಕೆ ಟ್ರಂಕು ಏರಿಸಿ, ಹೇಳಿ ಹೋಗೋಣವೆಂದು ಒಳಗೆ ಬಂದರೆ ಮಡಕೆಯ ಬಾಯಿ ತೆರೆದಿತ್ತು. ಹವಾನಾ ಅವರ ಕೈಯಲ್ಲಿತ್ತು.

"ಇದು ಸಾಹೇಬ್ರದಲ್ಲೇನ್ರಿ?"

"ಹೌದ್ರಿ. ಅವರಿನ್ನ ಬರಂಗಿಲ್ಲ. ನೀವೂ ಹೊಂಟ್ರಿ. ನಾ ಇದಕ್ಕ ನೀರು ಹಾಕ್ಕೋತ ಯಾರ ಸಲುವಾಗಿ ಕೂಡ್ಲಿ?"

ಬೇಡವೆನ್ನುವಷ್ಟರಲ್ಲಿ ಅಡಕೊತ್ತು ಕಟಕ್ಕೆಂದಿತು. ಕೊಟ್ಟ ತುಂಡನ್ನು ಹಚ್ಚಿ ಎಳೆದೆ. ಅಷ್ಟು ವರ್ಷ ಹಸಿಯಲ್ಲಿ ಮಲಗಿದ ಎಲೆ ಕೆಟ್ಟುಹೋಗಿತ್ತು. ಪೇಶ್ಕಾರರು ಕಣ್ಣು ಮುಚ್ಚಿ, "ಸ್ವಲ್ಪ ಕಹಿ ಆಗ್ಯದ. ಆದ್ರೂ ಹವಾನಾ ಹವಾನಾನ" ಎಂದರು.

"ಇಲ್ಲರಿ" ಎಂದೆ. ಆ ಮನೆಯಲ್ಲಿ ನಾನು ಹಾಗೆ ಅಂದದ್ದು ಅದೇ ಮೊದಲು. "ಕಹಿ ಅಲ್ಲರಿ ಇದು. ಹುಳಿ. ಮುಗ್ಗಿದ ಹುಣಸಿಹಣ್ಣಿನ ಹುಳಿ."

ಅವರು ಕಣ್ಣು ಬಿಟ್ಟರು. ಕುರ್ಚಿಯಿಂದ ಎದ್ದೇ ನಿಂತರು. "ಕ್ಯಾ ಸಾಬ್! ನಾಲಿಗಿ ಅದನೋ, ಚಪ್ಪಲಿ ತಳಾ ಅದನೋ?"

ಟಾಂಗಾದವನು ಹೊರಗಿಂದ ಕೂಗುತ್ತಲೇ ಇದ್ದ, ನಾವು ಜಗಳವಾಡುತ್ತಲೇ ಇದ್ದೆವು. ಮಾತಿನ ನಡುವೆ ನನಗೆ ಹೊಳೆಯಿತು. "ನಿಮ್ಮದು ಬುಡದ ತುಂಡು, ನನ್ನದು ತುದೀದು. ಎರಡರ ರುಚಿ ಬ್ಯಾರೆನ ಇರ್ತದಲ್ಲೇನ್ರಿ? ಹಂಗಾದ್ರ ನಿಮ್ಮದೂ ಸಾಹೇಬ್ರದೂ ತೀರ್ಪು ಒಂದಾಗೂದರ ಹ್ಯಾಂಗ?"

ಪೇಶ್ಕಾರರು ತಗ್ಗಿದ ದನಿಯಲ್ಲಿ ಹೇಳಿದರು: "ನನಗ ಮೊದಲಿಂದಾನೂ ಗೊತ್ತಿತ್ರಿ. ಸಾಹೇಬ್ರಿಗೂ ಗೊತ್ತಿತ್ತು ಅಂತ ಕಾಣ್ತದ. ಹೇಳಿಬಿಟ್ಟಿದ್ರ ಜಗಳ ಮುಗೀತಿತ್ತಲ್ಲ."

ಟಾಂಗಾ ಹೊರಟಿತು. ಅವರು ಕಟ್ಟೆಯ ಮೇಲೆ ನಿಂತು, ಆರಿದ ತುಂಡನ್ನು ನನ್ನತ್ತ ಎತ್ತಿ ಹಿಡಿದು, "ಕಹೀನ್ರಿ ಮಾಸ್ತರ, ಕಹಿ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು.

ನಾನೂ ಹಿಂದಕ್ಕೆ ಬಾಗಿ, "ಹುಳೀನ್ರಿ!" ಎಂದು ಕೂಗಿದೆ. ಆಮೇಲೆ ಅವರನ್ನು ನೋಡುವುದು ನನ್ನ ಪಾಲಿಗಿರಲಿಲ್ಲ. ನಾನು ಅವರಿಗೆ ಹೇಳಿದ ಕೊನೆಯ ಮಾತು ಅದೇ ಆಯಿತು.