ಎಸ್ಟರ್ ಮೇಡಂ

ನಮ್ಮ ರಸಾಯನಶಾಸ್ತ್ರದ ಅಧ್ಯಾಪಕಿಯನ್ನು ಕಾಲೇಜಿನಲ್ಲಿ ಎಲ್ಲರೂ ಎಸ್ಟರ್ ಮೇಡಂ ಎಂದೇ ಕರೆಯುತ್ತಿದ್ದರು. "ಆಸಿಡ್ಡಿಗೆ ಆಲ್ಕೋಹಾಲ್ ಸೇರಿದ್ರೆ ಎಸ್ಟರ್, ಅಮೋನಿಯಾ ಸೇರಿದ್ರೆ ಅಮೈಡ್. ಸಹವಾಸ ಬದಲಾದ್ಮೇಲೆ ಹೆಸರೂ ಬದಲಾಗ್ಬೇಕಲ್ವೇನಮ್ಮಾ?" ಎನ್ನುವರು. ಎಸ್ಟರಿನ ಹೆಸರಿನಲ್ಲಿ ಆಲ್ಕೋಹಾಲ್ ಮುಂದೆ, ಆಸಿಡ್ ಹಿಂದೆ. ಅದನ್ನು ಹಿಂದುಮುಂದು ಮಾಡಿದವರು ಬಾಗಿಲಲ್ಲಿ ನಿಂತು, ತಿದ್ದಿ ಹೇಳಿಯೇ ಒಳಬರಬೇಕು. ಮಗಳ ಲಗ್ನಪತ್ರಿಕೆಯಲ್ಲಿ ಯಾರ ಹೆಸರು ಮೊದಲು ಎಂಬ ಜಗಳವನ್ನೂ ಅವರು ಇದೇ ನಿಯಮ ಹೇಳಿ ಮುಗಿಸಿದರಂತೆ. ಒಂದು ಮಧ್ಯಾಹ್ನ ಅವರು ಬೋರ್ಡಿನ ಮೇಲೆ ಈಥೈಲ್ ಬ್ಯುಟನೋಯೇಟ್ ಎಂಬ ಎಸ್ಟರಿನ ಹೆಸರು ಬರೆಯುತ್ತಿದ್ದಾಗ, ಕೋಟಿನ ತುದಿ ತಾಗಿ ಬೆನ್ನ ಹಿಂದಿನ ಮೇಜಿನ ಮೇಲಿದ್ದ ಬ್ಯುಟನೋಯಿಕ್ ಆಸಿಡ್ಡಿನ ಶೀಶೆ ಉರುಳಿತು. ಕಮಟು ಬೆಣ್ಣೆಯಂಥ ಗಬ್ಬುನಾತ ತಾಳಲಾರದೆ ನಾವೆಲ್ಲ ಮೂಗು ಮುಚ್ಚಿ ಬಾಗಿಲಿಗೆ ಓಡಿದೆವು. ಮೇಡಂ ಮಾತ್ರ ಬರೆಯುತ್ತಲೇ ಇದ್ದರು. "ಯಾಕ್ರಮ್ಮಾ, ಎಲ್ರೂ ಎಲ್ಲಿಗೆ ಹೊರಟ್ರಿ?" ಎಂದು ತಿರುಗಿದವರು ಶೀಶೆ ಕಂಡು ಬಿಳಿಚಿಕೊಂಡರು. "ಹೋದ ವರ್ಷ ಜ್ವರ ಬಂತಲ್ಲ, ಅವತ್ತಿಂದ ನನ್ನ ಮೂಗಿಗೆ ಏನೂ ತಿಳಿಯಲ್ಲ," ಎಂದರು. "ಗೊತ್ತಾದ್ರೆ ಲ್ಯಾಬ್ ಬಿಡಿಸಿಬಿಡ್ತಾರೆ." ನಾವೆಲ್ಲ ಒಳಗೆ ಮರಳಿದೆವು. ಮೇಜು ಒರೆಸಿದೆವು, ಬೋರ್ಡಿನಲ್ಲಿದ್ದ ಎಸ್ಟರನ್ನೇ ಮಾಡಲೆಂದು ಶೀಶೆಯಲ್ಲಿ ಉಳಿದಿದ್ದ ಆಸಿಡ್ಡನ್ನು ಪ್ರನಾಳಕ್ಕೆ ಸುರಿದು ಆಲ್ಕೋಹಾಲ್ ಬೆರೆಸಿ, ಗಂಧಕಾಮ್ಲದ ತೊಟ್ಟು ಹಾಕಿ, ಅವರು ಹೇಳಿದಂತೆ ಬಿಸಿನೀರಿನಲ್ಲಿಟ್ಟು ಕಾಯಿಸಿದೆವು. ನಿಧಾನಕ್ಕೆ ಕೋಣೆಯಲ್ಲಿ ಬೇರೆಯೇ ಪರಿಮಳ ಎದ್ದಿತು. ಮೇಡಂ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದರು. ನನ್ನ ಪಕ್ಕದ ಹುಡುಗಿ ಪ್ರನಾಳವನ್ನು ಹತ್ತಿರ ಹಿಡಿದು, "ಅನಾನಸ್ ಮೇಡಂ. ಚೆನ್ನಾಗಿ ಹಣ್ಣಾಗಿದೆ, ಈಗ ತಾನೇ ಹೆಚ್ಚಿದ ಹಾಗಿದೆ," ಎಂದಳು. ಮೇಡಂ ಕಣ್ಣು ಮುಚ್ಚಿಕೊಂಡು ಮೆಲ್ಲಗೆ ಹೇಳಿದರು: "ಇನ್ನೊಂದ್ಸಲ ಹೇಳಮ್ಮ."