ಕನಸಿನಲ್ಲಿ ಸೀನಿದ ಗಂಗವ್ವ

ನನ್ನ ಅಕ್ಕ ನೀಲಾ ಮಾಡಿದ ಸಿನಿಮಾದಲ್ಲಿ ಗಂಗವ್ವ ಕನಸಿನ ನಟ್ಟನಡುವೆ ಸೀನುತ್ತಾಳಲ್ಲ, ಅದು ಬೇಕೆಂದೇ ಇಟ್ಟ ಸಂಕೇತ ಎಂದು ನೋಡಿದವರೆಲ್ಲ ಹೇಳುತ್ತಾರೆ. ಹಾವೇರಿಯ ಕನ್ನಡ ಮೇಷ್ಟರೊಬ್ಬರಂತೂ ಅದು ವಾಸ್ತವವು ಕನಸಿನ ಕದ ತಟ್ಟಿದ ಸದ್ದು ಎಂದುಬಿಟ್ಟರು. ನಾನು ಒಪ್ಪುವುದಿಲ್ಲ. ಒಪ್ಪದಿರುವುದು ನನಗೆ ರೂಢಿ ಎನ್ನುವುದೂ ನಿಜ. ಚರ್ಚಾಸ್ಪರ್ಧೆಗಳಲ್ಲಿ ವಿಷಯ ಯಾವುದೆಂದು ಕೇಳುವ ಮೊದಲೇ ವಿರೋಧದ ಸಾಲಿನಲ್ಲಿ ಹೆಸರು ಬರೆಸುತ್ತಿದ್ದವನು ನಾನು. ಅವ್ವ "ಚಹಾ ಆರಾಕತ್ತೈತಿ" ಎಂದರೂ ಆಧಾರ ಕೇಳುತ್ತೇನೆ. ವಾದ ಮುಗಿಯುವಷ್ಟರಲ್ಲಿ ಆಧಾರ ತಾನಾಗಿಯೇ ಸಿಕ್ಕಿರುತ್ತದೆ.

ಇಲ್ಲಿ ಮಾತ್ರ ಆಧಾರ ನನ್ನ ಬಳಿಯೇ ಇದೆ. ಕನಸಿನ ಮೀನುಗಳನ್ನು ಅಕ್ಕ ಹೊಲಿದದ್ದು ಬ್ಯಾಡಗಿ ಪೇಟೆಯ ಮೆಣಸಿನಕಾಯಿ ಚೀಲಗಳಿಂದ. ಚೀಲಗಳನ್ನು ತೊಳೆದಿರಲಿಲ್ಲ. ಅದು ಸಂಕೇತವಲ್ಲ ಸ್ವಾಮೀ, ಘಾಟು!

ಅಕ್ಕ ರಾಣೆಬೆನ್ನೂರಿನವಳು, ಮದುವೆಯಾಗಿ ಬ್ಯಾಡಗಿಯಲ್ಲಿದ್ದಾಳೆ, ಕುಪ್ಪಸ ಹೊಲಿಯುತ್ತಾಳೆ. ಗಂಗವ್ವ ಅವಳ ಅತ್ತೆ, ಸಿನಿಮಾದ ನಾಯಕಿಯೂ ಅವಳೇ. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸೊಬ್ಬಳು ರಾಶಿಯ ಪಕ್ಕದಲ್ಲೇ ಚೀಲದ ಮೇಲೆ ಒರಗಿ ನಿದ್ದೆಹೋಗುತ್ತಾಳೆ. ಕಾಯಿಗಳೆಲ್ಲ ಕೆಂಪು ಮೀನುಗಳಾಗಿ ಅವಳನ್ನು ಐರಣಿ ಊರಿನ ಹೊಳೆ ದಾಟಿಸಲು ಬರುತ್ತವೆ. ಇಷ್ಟೇ ಕತೆ. ಹೊಳೆ ಎಂದರೆ ಹಳೆಯ ನೀಲಿ ಸೀರೆ. ಅದನ್ನು ಒಂದು ತುದಿಯಿಂದ ಅಲುಗಿಸುವ ನೆರೆಮನೆಯವಳ ಹಸಿರು ಬಳೆಗಳು ಆಗಾಗ ನೀರಿನಿಂದ ಮೇಲೇಳುತ್ತವೆ. ದೋಣಿ ಎಂದರೆ ರಟ್ಟು ಸುತ್ತಿದ ಹೊರಸು ಮಂಚ. ಚಂದ್ರ ಒಂದು ಜೋಳದ ರೊಟ್ಟಿ, ಹಿಂದೊಂದು ಬಲ್ಬು. ಹಂಚಿನ ಮೇಲೆ ಸುಟ್ಟ ಕಲೆಗಳು ಚಂದ್ರನ ಕಲೆಗಳಂತೆ ಎಷ್ಟು ಚೆನ್ನಾಗಿ ಕೂತಿವೆಯೆಂದರೆ, ನಿಜವಾದ ಚಂದ್ರನೇ ಈಚೆಗೆ ನನಗೆ ತುಸು ಹಸಿಬಿಸಿ ಬೆಂದವನಂತೆ ಕಾಣುತ್ತಾನೆ.

ಇದನ್ನೆಲ್ಲ ಮೆಚ್ಚಿಕೊಂಡೇ ನಾನು ತಕರಾರು ತೆಗೆದಿದ್ದೆ. ಕನಸಿನಲ್ಲಿ ಕುಡಿದ ನೀರು ಎಚ್ಚರದ ಬಾಯಾರಿಕೆಯನ್ನು ತಣಿಸುವುದಿಲ್ಲ ಎಂದು ನಮ್ಮ ಹಳೆಯ ವೇದಾಂತಿಗಳು ಗಂಟೆಗಟ್ಟಲೆ ವಾದಿಸಿದ್ದಾರೆ. ಎಚ್ಚರದ ಘಾಟು ಮಾತ್ರ ಕನಸಿನ ಮೂಗಿಗೆ ಹೇಗೆ ಹೊಕ್ಕೀತು? ಗಡಿ ಎಂದಮೇಲೆ ಎರಡೂ ಕಡೆಗೆ ಗಡಿಯೇ. ಅಕ್ಕ ಸೂಜಿಯನ್ನು ಬಾಯಲ್ಲಿ ಹಿಡಿದೇ ಉತ್ತರಿಸಿದಳು: "ಲೇ ತಮ್ಮಾ, ನೀ ಬ್ಯಾಡಗ್ಯಾಗ ಒಂದ್ ದಿನಾ ಮಲಗಿ ನೋಡು. ಇಲ್ಲಿ ಕನಸಿಗೂ ಮೂಗು ಕಟ್ಟಿಕೊಂಡ ಹೋಗಬೇಕು."

ನಿಜವಾದ ಪೇಚು ನನ್ನದಲ್ಲ, ಅವಳದು. ಗಂಗವ್ವ ಕನಸಿನಲ್ಲಿ ಉಡಲೆಂದೇ ಟ್ರಂಕಿನಿಂದ ಇಳಕಲ್ ಸೀರೆ ತೆಗೆದಿದ್ದಳು. ಅಂಥದ್ದರಲ್ಲಿ ಮೀನೊಂದು ಮೂಗು ಸವರಿದ್ದಕ್ಕೆ ತಾನು ಮುಖ ಕಿವುಚಿ ಸೀನಿದ್ದನ್ನೇ ಊರಿಗೆಲ್ಲ ತೋರಿಸುವುದೇ ಎಂಬುದು ಅವಳ ಕೊರಗು. "ನೋಡಿದ ಮ್ಯಾಲೂ ಬ್ಯಾಡ ಅಂದ್ರ ತಗದ ಹಾಕ್ತೇನ್ರಿ ಅತ್ತೀ" ಎಂದು ಅಕ್ಕ ಮಾತು ಕೊಟ್ಟಿದ್ದಳು. ಕೊಟ್ಟ ಮೇಲೆ ನಿದ್ದೆಗೆಟ್ಟಳು. ಸೀನಿದ್ದರಿಂದಲೇ ಕತೆಯಲ್ಲಿ ಆ ಹೆಂಗಸಿಗೆ ಎಚ್ಚರವಾಗುವುದು. ಅದನ್ನು ತೆಗೆದರೆ ಅವಳು ಹೊಳೆಯಲ್ಲೇ ಉಳಿಯುತ್ತಾಳೆ, ಸಿನಿಮಾ ಮುಳುಗುತ್ತದೆ. ಇನ್ನೊಮ್ಮೆ ಚಿತ್ರೀಕರಿಸೋಣವೆಂದರೆ ಅವತ್ತು ಎಲ್ಲರೂ ನಕ್ಕು ಕೈಬಿಟ್ಟ ಸೀರೆಯ ಹೊಳೆ ಮೊಳೆಗೆ ಸಿಕ್ಕು ಉದ್ದಕ್ಕೂ ಹರಿದುಹೋಗಿದೆ.

ಇಲ್ಲಿ ಒಂದು ಮಾತು ಹೇಳಬೇಕು. ಸೀನುವ ವಿಷಯದಲ್ಲಿ ರಾಣೆಬೆನ್ನೂರಿನ ನಮ್ಮ ಮನೆತನವೂ ಬ್ಯಾಡಗಿಯ ಬೀಗರೂ ಬೇರೆ ಬೇರೆ ಮತದವರು. ನಮ್ಮಲ್ಲಿ ಹೊರಟಾಗ ಯಾರಾದರೂ ಒಂಟಿ ಸೀನು ಸೀನಿದರೆ ಕುಳಿತು, ನೀರು ಕುಡಿದು, ಮತ್ತೆ ಹೊರಡಬೇಕು. ಬ್ಯಾಡಗಿಯಲ್ಲಿ ಹಾಗೆ ನಿಂತರೆ ಪೇಟೆಯೇ ನಿಂತೀತು. ಅಕ್ಕನ ಮದುವೆ ಮಾತುಕತೆಗೆ ಹೋದ ನಮ್ಮವರು ಮಾತುಮಾತಿಗೂ ಕುಳಿತು ನೀರು ಕುಡಿದೂ ಕುಡಿದೂ ಹೊಟ್ಟೆಯಲ್ಲಿ ಊಟಕ್ಕೆ ಜಾಗವಿಲ್ಲದೆ ಬಂದರು. ಹೋಳಿಗೆ ಉಳಿದದ್ದಕ್ಕೆ ಬೀಗರು ಇವತ್ತಿಗೂ ಮುನಿಸು ಬಿಟ್ಟಿಲ್ಲ.

ಮೊದಲ ಪ್ರದರ್ಶನ ರಾಣೆಬೆನ್ನೂರಿನಲ್ಲಿ, ನಮ್ಮ ಸೋದರಮಾವ ಶಿವಪ್ಪನ ಬೀಜದಂಗಡಿಯ ಮಾಳಿಗೆಯ ಮೇಲೆ ನಡೆಯಿತು. ಸುಣ್ಣದ ಗೋಡೆಯೇ ಪರದೆ. ಪ್ರೊಜೆಕ್ಟರ್ ಯಂತ್ರದ ಗುಂಡಿಯ ಪಕ್ಕ ಮಾವನೇ ಕೂತಿದ್ದ. ಗಂಗವ್ವ ಮುಂದಿನ ಚಾಪೆಯ ಮೇಲೆ, ಅದೇ ಇಳಕಲ್ ಸೀರೆಯಲ್ಲಿ. ಹೊಳೆ ಅಲುಗಿತು, ರೊಟ್ಟಿ ಮೂಡಿತು, ಮೀನು ಬಂದು ಮೂಗು ಸವರಿತು. ಗೋಡೆಯ ಮೇಲಿನ ಗಂಗವ್ವ ಸೀನಿದಳು.

ಮಾವ ಗುಂಡಿ ಒತ್ತಿ ಸಿನಿಮಾ ನಿಲ್ಲಿಸಿಬಿಟ್ಟ.

"ಏನಾತೋ ಮಾಮಾ?" ಎಂದೆ ನಾನು.

"ಸೀನ್ಯಾರಲ್ಲೋ. ಒಂದೀಟ ತಡೀರಿ ಎಲ್ಲಾರೂ. ನೀರ್ ಕುಡೀರಿ."

"ಅಯ್ಯ, ಅದು ಸಿನಿಮಾ ಐತ್ರೀ ಅಣ್ಣಾರ!" ಎಂದಳು ಗಂಗವ್ವ.

"ಸಿನಿಮಾ ಆದ್ರೇನವಾ, ಹೊಳಿ ದಾಟಾಕ ಹೊಂಟೀರಿ. ಹಂಗ ಹೊಕ್ಕೀರೇನು?"

ತಂಬಿಗೆ ಕೈಯಿಂದ ಕೈಗೆ ಬಂತು. ಎಲ್ಲರೂ ಗಂಭೀರವಾಗಿ ಕುಡಿದರು. ತಂಬಿಗೆಯನ್ನು ಮುಂದಿನವರಿಗೆ ದಾಟಿಸಿದ ಮೇಲೆಯೇ ನನಗೆ ಹೊಳೆದದ್ದು, ನಾನೂ ಕುಡಿದಿದ್ದೆ. ಕನಸಿನೊಳಗಿನ ಹೆಂಗಸು ಸೀನಿದ್ದಕ್ಕೆ ಎಚ್ಚರದಲ್ಲಿರುವ ತಾರ್ಕಿಕನೊಬ್ಬ ನೀರು ಕುಡಿದದ್ದನ್ನು ವೇದಾಂತಿಗಳು ಯಾವ ಅಧ್ಯಾಯದಲ್ಲಿ ಇಡುತ್ತಾರೋ ತಿಳಿಯದು. ಎದುರಾಳಿ ಬಾಯಿಯನ್ನೇ ತೆರೆಯದೆ ನಾನು ಸೋತ ಚರ್ಚೆ ಇದೊಂದೇ. ಸೋಲು ಇಷ್ಟು ತಂಪಾಗಿರುತ್ತದೆಂದು ಯಾರೂ ಹೇಳಿರಲಿಲ್ಲ.

ಆದರೆ ಈ ನೀರಿನ ಗಲಾಟೆಯಲ್ಲಿ ಗೋಡೆಯ ತುಂಬ ಗಂಗವ್ವನ ಕಿವುಚಿದ ಮುಖ ಹಾಗೇ ನಿಂತಿತ್ತು. ಒಂದು ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ, ಮೂಗು ಬೀಜದ ಚೀಲದಷ್ಟಿದೆ. ಮುಗಿಯಿತು ಎಂದುಕೊಂಡು ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಗಂಗವ್ವ ತಲೆ ಓರೆ ಮಾಡಿ ತನ್ನನ್ನೇ ತಾನು ಬಹಳ ಹೊತ್ತು ನೋಡಿದಳು.

"ನೀಲಾ..."

"ತಗದ ಹಾಕ್ತೇನ್ರಿ ಅತ್ತೀ."

"ಯಾಕ ತಗೀತಿ? ಮಲಗು ಅಂದಿ, ಮಲಗಿದೆ. ನಗು ಅಂದಿ, ನಕ್ಕೆ. ಎಲ್ಲಾ ನೀ ಹೇಳಿದ್ದ ಮಾಡೇನಿ. ನಂದು ಅಂತ ಅದರಾಗ ಇರೋದು ಇದೊಂದ. ಇರಲಿ ಬಿಡು. ಪ್ಯಾಟಿ ಹೆಣಮಕ್ಕಳಿಗೂ ತೋರಸು. ಅವರೇನ್ ಸೀನಂಗಿಲ್ಲೇನು?"

ಅಕ್ಕ ಅಳುತ್ತಿದ್ದಳೋ ನಗುತ್ತಿದ್ದಳೋ, ಸೆರಗು ಸರಿಸದೆ ಹೇಳಲಾಗುತ್ತಿರಲಿಲ್ಲ. ಮಾವ ಗುಂಡಿ ಒತ್ತಿದ. ಗೋಡೆಯ ಗಂಗವ್ವ ಕಣ್ಣುಬಿಟ್ಟು, ಎದ್ದು ಕೂತು, ಕೆಂಪಾದ ಬೆರಳುಗಳನ್ನು ನೋಡಿಕೊಂಡಳು. ಮಾಳಿಗೆ ಚಪ್ಪಾಳೆಯಿಂದ ತುಂಬಿತು.

ಜನ ಇಳಿದುಹೋಗುವಾಗ ಚಾಪೆ ಸುತ್ತುತ್ತ ಗಂಗವ್ವ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದಳು: "ನಿಮ್ಮಕ್ಕಗ ಹೇಳಬ್ಯಾಡೋ ತಮ್ಮಾ. ಆ ಚೀಲದ ಮ್ಯಾಲ ನಂಗ ಖರೇನ ನಿದ್ದಿ ಹತ್ತಿತ್ತು. ಆಕಿ ಮಸ್ತ್ ಆ್ಯಕ್ಟಿಂಗ್ ಅಂತ ತಿಳಕೊಂಡಾಳ."

ಅವಳ ಕನಸು ಹೀಗಿದ್ದೀತೆಂದು ಅಕ್ಕ ಹೊಲಿದಳು, ನಾನು ತಕರಾರು ತೆಗೆದೆ, ಮುಂದೆ ಮೇಷ್ಟರೂ ಅರ್ಥ ಹೇಳಿದರು. ಅವಳನ್ನು ಮಾತ್ರ ಯಾರೂ ಕೇಳಿರಲಿಲ್ಲ. ಆಗಲೇ ಅವಳು ಚಾಪೆಯನ್ನು ಬಗಲಿಗಿಟ್ಟು ಮೆಟ್ಟಿಲಿಳಿಯುತ್ತಿದ್ದಳು. ನಾನು ಮೇಲಿನಿಂದಲೇ ಕೂಗಿದೆ:

"ಅತ್ತೀ, ಹಂಗಾರ ಅವತ್ತ ನಿಮಗ ಬಿದ್ದ ಕನಸು ಯಾವುದ್ರೀ?"