ಗೆಥಿನ್ ಎಂಬ ಹೆಸರಿನ ಬೆನ್ನು ಹತ್ತಿ

ಮಗಳ ಸೀಮಂತವನ್ನು ನ್ಯೂಯಾರ್ಕ್ ಬಳಿಯ ಮನ್ರೋದ ನಮ್ಮ ಮನೆಯಲ್ಲೇ ಮಾಡಿದೆವು. ಬಂದವರೆಲ್ಲ ಹೋದ ಮೇಲೆ ಉಳಿದ ಹೋಳಿಗೆಗಳನ್ನು ಡಬ್ಬಿಗೆ ತುಂಬುತ್ತಿದ್ದೆ. ಮಗಳು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಕಾಲು ಚಾಚಿಕೊಂಡು ಹೇಳಿದಳು.

"ಅಮ್ಮ, ನಾವು ಹೆಸರು ಡಿಸೈಡ್ ಮಾಡಿದ್ವಿ. ಗೆಥಿನ್."

ಹುಟ್ಟುವುದು ಗಂಡುಮಗು ಎಂದು ಆಗಲೇ ಗೊತ್ತಿತ್ತು. ಹೆಸರು ಕೇಳಿದ್ದು ಮಾತ್ರ ಅದೇ ಮೊದಲು. ಪಕ್ಕದಲ್ಲಿ ಕೂತಿದ್ದ ನನ್ನ ಅತ್ತೆ ಕಿವಿ ಮುಂದೆ ಚಾಚಿದರು. ಅವರು ಧಾರವಾಡದವರು. ನಮ್ಮ ಜೊತೆ ಇಲ್ಲಿ ಬಂದು ನೆಲೆಸಿ ಎಷ್ಟೋ ವರ್ಷವಾದರೂ ಮಾತು ಮಾತ್ರ ಧಾರವಾಡದ್ದೇ.

"ಗೆದ್ದೀನಿ? ಯಾವುದರಾಗ ಗೆದ್ದಿ ಬೇ?"

"ಗೆದ್ದೀನಿ ಅಲ್ಲ ಅಜ್ಜಿ, ಗೆ-ಥಿನ್. ಇಟ್ಸ್ ವೆಲ್ಷ್."

"ಅದನ ಅಂದೆ ನಾನೂ. ಗೆದ್ದೀನಿ. ಚಲೋ ಐತಿ ಬಿಡು. ಹುಟ್ಟೂಕಿಂತ ಮೊದಲ ಗೆದ್ದಾನ."

ಅಳಿಯ ಪೆನ್ಸಿಲ್ವೇನಿಯಾದವನು. ಅವನ ಮುತ್ತಜ್ಜ ವೇಲ್ಸ್ ದೇಶದಿಂದ ಬಂದು ಅಲ್ಲಿನ ಕಲ್ಲಿದ್ದಲ ಗಣಿ ಸೇರಿದವರು. ಗೆಥಿನ್ ಎಂಬುದು ಅವರ ಹೆಸರು. ಗಣಿಯ ಮೇಸ್ತ್ರಿಗೆ ನಾಲಿಗೆ ಹೊರಳದೆ ಅವರನ್ನು ಜೆಫ್ ಎಂದು ಕರೆದನಂತೆ. ಊರೂ ಹಾಗೇ ಕರೆಯಿತು. ಆಮೇಲೆ ಆ ಮನೆತನದಲ್ಲಿ ಯಾರಿಗೂ ಆ ಹೆಸರು ಇಡಲಿಲ್ಲ. ಅದನ್ನು ಮತ್ತೆ ಮನೆಗೆ ತರಬೇಕೆಂದು ಅಳಿಯನಿಗೆ ಆಸೆ. ನನ್ನ ಮಗಳಿಗೆ ಅದರ ಸದ್ದು ಹಿಡಿಸಿತ್ತು. ಅರ್ಥ ಕೇಳಿದರೆ ಇಬ್ಬರೂ ಭುಜ ಕುಣಿಸಿದರು.

ಬ್ರಿಡ್ಜ್‌ವಾಟರಿನ ಒಂದು ಔಷಧಿ ಕಂಪನಿಯಲ್ಲಿ, ಔಷಧಿಗಳ ಜೊತೆ ಮಡಚಿಟ್ಟು ಬರುತ್ತದಲ್ಲ, ಆ ಮಾಹಿತಿ ಹಾಳೆಗಳನ್ನು ತಿದ್ದುವುದು ನನ್ನ ಕೆಲಸ. ದಿನವಿಡೀ ಪದಗಳ ಅರ್ಥ ಸರಿಯಿದೆಯೇ ಎಂದು ನೋಡುವವಳಿಗೆ ಮೊಮ್ಮಗನ ಹೆಸರಿನ ಅರ್ಥ ಗೊತ್ತಿಲ್ಲ ಎಂದರೆ ಹೇಗೆ ಸುಮ್ಮನಿರಲಿ? ಮರುದಿನವೇ ಊಟದ ಬಿಡುವಿನಲ್ಲಿ ಹುಡುಕತೊಡಗಿದೆ. ಈ ದೇಶದಲ್ಲಿ ಯಾವ ವರ್ಷ ಯಾವ ಹೆಸರನ್ನು ಎಷ್ಟು ಮಕ್ಕಳಿಗೆ ಇಟ್ಟರು ಎಂಬುದನ್ನು ಸರ್ಕಾರವೇ ಪ್ರಕಟಿಸುತ್ತದೆ. ವರ್ಷಕ್ಕೆ ಐದು ಮಕ್ಕಳಿಗಾದರೂ ಇಟ್ಟಿರದ ಹೆಸರನ್ನು ಸೇರಿಸುವುದಿಲ್ಲ. ನಾನು ನೋಡಿದ ಯಾವ ವರ್ಷದಲ್ಲೂ ಗೆಥಿನ್ ಕಾಣಲಿಲ್ಲ. ಇಲ್ಲಿನ ಶಾಲೆಗಳಲ್ಲಿ ನಮ್ಮವರ ಮಕ್ಕಳ ಹೆಸರೇ ಒಂದೊಂದು ತರಗತಿಯಲ್ಲಿ ಎರಡೆರಡು ಸಲ ಕೇಳಿಸುತ್ತದೆ. ಇದೋ, ಇಷ್ಟು ದೊಡ್ಡ ದೇಶದಲ್ಲಿ ಲೆಕ್ಕಕ್ಕೇ ಇಲ್ಲ! ಅರ್ಥದ ವಿಷಯದಲ್ಲೂ ಒಮ್ಮತವಿರಲಿಲ್ಲ. ಒಂದು ವೆಬ್‌ಸೈಟ್ 'ಕಪ್ಪನೆಯವನು' ಎಂದಿತು, ಇನ್ನೊಂದು 'ಧೀರ' ಎಂದಿತು. ಮೂರನೆಯದು ಬೇರೆ ಯಾವುದೋ ಹೆಸರಿನ ಅರ್ಥ ತಂದು ಇಲ್ಲಿ ಅಂಟಿಸಿತ್ತು.

ಆ ಭಾನುವಾರ ಬೀಗರು, ಎಂದರೆ ಅಳಿಯನ ತಂದೆ, ಊಟಕ್ಕೆ ಬಂದರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ನಾನು ಕೇಳಿದ ಕೂಡಲೇ ಅವರ ಮುಖ ಅರಳಿತು.

"ಕಪ್ಪು ಅಂತಲೇ ಅರ್ಥ. ನನ್ನ ತಂದೆ ಹೇಳುತ್ತಿದ್ದರು, ಅಜ್ಜ ಗಣಿಯಿಂದ ಮೇಲೆ ಬಂದಾಗ ಕಣ್ಣು, ಹಲ್ಲು ಬಿಟ್ಟು ಉಳಿದದ್ದೆಲ್ಲ ಕಪ್ಪಗಿರುತ್ತಿತ್ತಂತೆ. ಅದಕ್ಕೇ ಆ ಹೆಸರು."

"ಆದರೆ ತೊಟ್ಟಿಲಲ್ಲೇ ಹೆಸರಿಟ್ಟಿರಬೇಕಲ್ಲ? ಆಗಿನ್ನೂ ಗಣಿಗೆ ಇಳಿದಿರಲಿಲ್ಲ," ಎಂದೆ.

ಅವರು ಕೈಯಲ್ಲಿದ್ದ ಚಪಾತಿಯನ್ನು ತಟ್ಟೆಗಿಟ್ಟು ನನ್ನ ಮುಖ ನೋಡಿದರು. "ನನ್ನ ಜೀವಮಾನದಲ್ಲಿ ನಾನು ಇದನ್ನು ಯೋಚಿಸಿಯೇ ಇಲ್ಲ," ಎಂದು ಜೋರಾಗಿ ನಕ್ಕರು. ಅವರಿಗೂ ಕುತೂಹಲ ಹತ್ತಿಕೊಂಡಿತು. ಮ್ಯಾನ್‌ಹಟನ್ನಿನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಶನಿವಾರಗಳಂದು ವೆಲ್ಷ್ ಭಾಷೆ ಕಲಿಯುವವರು ಸೇರುತ್ತಾರೆಂದು ಅವರೇ ವಿಚಾರಿಸಿ ತಿಳಿಸಿದರು. ಮುಂದಿನ ಶನಿವಾರ ಇಬ್ಬರೂ ಟ್ರೇನ್ ಹಿಡಿದು ಹೊರಟೆವು. ಬೀಗರ ಜೊತೆ ಪಾಠ ಕಲಿಯಲು ಹೊರಟ ಹೆಂಗಸು ನಮ್ಮ ಕಡೆ ಇನ್ನೊಬ್ಬಳು ಇರಲಾರಳು.

ಅಲ್ಲಿ ಕಲಿಸುತ್ತಿದ್ದಾಕೆ ವೇಲ್ಸಿನಲ್ಲೇ ಹುಟ್ಟಿ ಬೆಳೆದವರು. ಹರೆಯದಲ್ಲಿ ಈ ಊರಿನ ಆಸ್ಪತ್ರೆಗೆ ನರ್ಸ್ ಆಗಿ ಬಂದು ಇಲ್ಲೇ ಮುದುಕಿಯಾದವರು. ಚಹಾದ ಜೊತೆ, ಒಣದ್ರಾಕ್ಷಿ ಹಾಕಿ ಹಂಚಿನ ಮೇಲೆ ಬೇಯಿಸಿದ ಪುಟ್ಟ ಬಿಲ್ಲೆಗಳನ್ನು ಕೊಟ್ಟರು. ಗೆಥಿನ್ ಎಂದ ಕೂಡಲೇ ಅವರ ಕಣ್ಣು ಹೊಳೆಯಿತು.

"ನನ್ನ ಶಾಲೆಯಲ್ಲಿ ಒಬ್ಬ ಗೆಥಿನ್ ಇದ್ದ. ನನ್ನ ಜಡೆ ಎಳೆಯುತ್ತಿದ್ದ! ನಮ್ಮಲ್ಲಿ ಹೆಸರು ಎಲ್ಲರಿಗೂ ಗೊತ್ತು, ಹಾಗಂತ ಮನೆಮನೆಯಲ್ಲೂ ಇಲ್ಲ. ನ್ಯೂಯಾರ್ಕಿಗೆ ಬಂದ ಮೇಲೆ ಮಾತ್ರ ಒಬ್ಬ ಗೆಥಿನ್‌ನನ್ನೂ ನೋಡಿಲ್ಲ."

"ಅದರ ಅರ್ಥ?" ಎಂದು ನಾನೂ ಬೀಗರೂ ಒಟ್ಟಿಗೇ ಕೇಳಿದೆವು.

ಆಕೆ ಬೋರ್ಡಿನ ಮೇಲೆ ಬರೆದು ತೋರಿಸಿದರು. ಮೂಲ ಪದ 'ಕೆಥಿನ್'. ಕಪ್ಪು ಮೈಬಣ್ಣದವನು, ಕಪ್ಪು ಕೂದಲಿನವನು ಎಂದು ಅರ್ಥ. ಹಿಂದೆ ಊರಿನಲ್ಲಿ ಒಂದೇ ಹೆಸರಿನವರು ಹಲವರಿದ್ದಾಗ, ಕೆಂಪು ಕೂದಲಿನವನು, ಕುಳ್ಳ, ಕರಿಯ ಎಂದು ಹೆಸರಿನ ಹಿಂದೆ ಗುರುತು ಸೇರಿಸುತ್ತಿದ್ದರಂತೆ. ಹಾಗೆ ಇನ್ನೊಂದು ಹೆಸರಿಗೆ ಅಂಟಿಕೊಂಡಾಗ ಕೆಥಿನ್‌ನ ಮೊದಲ ಅಕ್ಷರ ಮೆತ್ತಗಾಗಿ ಗೆಥಿನ್ ಆಗುತ್ತದೆ. ಕಾಲಕ್ರಮದಲ್ಲಿ ಆ ಬಾಲವೇ ಬಿಡಿ ಹೆಸರಾಗಿ ನಿಂತಿತು.

"ಮೆತ್ತಗಾಗುವುದು ಅಂದರೆ?" ಬೀಗರು ಕೇಳಿದರು.

"ನಮ್ಮ ಭಾಷೆಯ ಗುಣ ಅದು. 'ತಾದ್' ಅಂದರೆ ಅಪ್ಪ. ನಿನ್ನ ಅಪ್ಪ ಅನ್ನಬೇಕಾದರೆ 'ದಾದ್' ಆಗುತ್ತದೆ. 'ಪೆನ್' ಅಂದರೆ ತಲೆ, ನಿನ್ನ ತಲೆ ಅಂದರೆ 'ಬೆನ್'. ಕ ಹೋಗಿ ಗ, ತ ಹೋಗಿ ದ, ಪ ಹೋಗಿ ಬ. ಕಲಿಯುವವರು ಇಲ್ಲೇ ಅತ್ತು ಕ್ಲಾಸ್ ಬಿಟ್ಟು ಓಡುವುದು."

ನಾನು ಚಹಾದ ಲೋಟ ಕೆಳಗಿಟ್ಟೆ. "ಆದೇಶ ಸಂಧಿ!" ಎಂದು ಕನ್ನಡದಲ್ಲೇ ಕೂಗಿಬಿಟ್ಟೆ.

ಎಲ್ಲರೂ ನನ್ನತ್ತ ತಿರುಗಿದರು. ಮೈಸೂರಿನ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿಸಿದ್ದು ಇಷ್ಟು ವರ್ಷ ಎಲ್ಲಿ ಅಡಗಿತ್ತೋ. ಕ ತ ಪ ಗಳಿಗೆ ಗ ದ ಬ ಗಳು ಆದೇಶವಾಗಿ ಬರುತ್ತವೆ. ಬೋರ್ಡಿನ ಹತ್ತಿರ ಹೋಗಿ ಮಳೆ, ಕಾಲ ಎಂದು ಬಿಡಿಯಾಗಿ ಬರೆದೆ, ಪಕ್ಕದಲ್ಲಿ ಮಳೆಗಾಲ ಎಂದು ಬರೆದೆ. ಬೆಟ್ಟದ ತಾವರೆ ಬೆಟ್ಟದಾವರೆಯಾಗುವುದನ್ನೂ ತೋರಿಸಿದೆ. 'ಕಣ್ಣಿನ ಪನಿ' ಕಂಬನಿಯಾಗುವುದನ್ನು ವಿವರಿಸುವಾಗ ಆ ಮುದುಕಿ ನನ್ನ ಕೈ ಹಿಡಿದುಕೊಂಡರು. ಎರಡು ಭಾಷೆಗಳಿಗೂ ಸಂಬಂಧವಿಲ್ಲ ಎಂದು ಇಬ್ಬರಿಗೂ ಗೊತ್ತು. ಆದರೂ ಎಲ್ಲೋ ದೂರದ ನೆಂಟರು ಸಿಕ್ಕಷ್ಟು ಖುಷಿಯಾಯಿತು. ಬೀಗರು ಮಾತ್ರ ಬಿಲ್ಲೆ ತಿನ್ನುತ್ತ, ನಮ್ಮಿಬ್ಬರನ್ನೂ ಸರದಿಯಂತೆ ನೋಡುತ್ತ ಕೂತಿದ್ದರು.

ಹೊರಡುವಾಗ ಆಕೆ ದನಿ ತಗ್ಗಿಸಿದರು. "ಇನ್ನೊಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ನಿಘಂಟಿನಲ್ಲಿ ನೋಡಿ ಬೇಜಾರಾಗಬೇಡಿ. ಹಳೆಯ ಬಳಕೆಯಲ್ಲಿ ಆ ಪದಕ್ಕೆ ಕುರೂಪಿ, ಭಯಂಕರ ಅನ್ನುವ ಅರ್ಥವೂ ಇದೆ. ಈಗ ಹೆಸರು ಕೇಳಿದರೆ ಯಾರಿಗೂ ಅದು ನೆನಪಾಗುವುದಿಲ್ಲ."

ವಾಪಸ್ ಬರುವಾಗ ಟ್ರೇನಿನಲ್ಲಿ ಬೀಗರು, "ಹಾಗಾದರೆ ಗಣಿಯ ಕತೆ ಸುಳ್ಳು," ಎಂದರು.

ನನಗೆ ಪಿಚ್ಚೆನಿಸಿತು. ಒಬ್ಬರ ಮನೆಯ ಕತೆಯನ್ನು ಕೆದಕಿ ಕಿತ್ತುಹಾಕಿದ ಹಾಗಾಗಿತ್ತು. "ಹೆಸರು ಗಣಿಯಿಂದ ಬರಲಿಲ್ಲ ಅಷ್ಟೇ. ಅವರು ಕಪ್ಪಾಗಿ ಮೇಲೆ ಬಂದದ್ದಂತೂ ನಿಜವಲ್ಲ?" ಎಂದೆ. ಅವರು ತಲೆಯಾಡಿಸಿದರು. ಮೊಮ್ಮಗನಿಗೆ ಎರಡೂ ಹೇಳುತ್ತೇನೆ, ಯಾವುದು ಬೇಕೋ ಅವನು ಇಟ್ಟುಕೊಳ್ಳಲಿ ಎಂದರು.

ನನ್ನ ಚಿಂತೆ ಬೇರೆಯೇ ಇತ್ತು. ಮಗಳ ಬಣ್ಣ ಕಪ್ಪು. ಚಿಕ್ಕಂದಿನಿಂದ ಮದುವೆ ಮುಂಜಿಗಳಲ್ಲಿ ಅವಳೆದುರೇ ಅದರ ಮಾತು ಆಡಿದವರಿದ್ದಾರೆ. ಸೀಮಂತದ ದಿನವೂ ಒಬ್ಬ ಆಂಟಿ ಕೇಸರಿಯ ಡಬ್ಬಿ ಕೊಟ್ಟು, "ದಿನಾ ಹಾಲಿಗೆ ಹಾಕ್ಕೊಂಡು ಕುಡಿಯಮ್ಮ, ಮಗು ಬೆಳ್ಳಗಾಗುತ್ತೆ," ಎಂದಿದ್ದರು. ಮಗಳು ಎದ್ದು ಮಹಡಿಗೆ ಹೋಗಿದ್ದಳು. ಈಗ ಕಪ್ಪು, ಕುರೂಪಿ ಎಂದು ಅವಳಿಗೆ ಹೇಗೆ ಹೇಳುವುದು?

ಮುಚ್ಚಿಡಲು ನನಗೆ ಬರುವುದಿಲ್ಲ. ಮರುದಿನ ಅವಳು ಬಂದು ಸೋಫಾದಲ್ಲಿ ಒರಗಿಕೊಂಡಾಗ ಎಲ್ಲವನ್ನೂ ಹೇಳಿದೆ. ಸಂಧಿಯ ಮಾತಿಗೆ ಕಣ್ಣು ತಿರುಗಿಸಿದಳು. ಕೊನೆಯದನ್ನು ಕೇಳಿ ಎದ್ದು ಕೂತಳು.

"ಅಗ್ಲಿ? ಸೀರಿಯಸ್ಲಿ, ಅಮ್ಮ?"

"ಹಳೇ ಅರ್ಥ ಕಣೆ. ಈಗ ಹಾಗೆ ಯಾರೂ ಅನ್ಕೊಳ್ಳಲ್ವಂತೆ."

ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ನಾನು ಹೇಳಬಾರದಿತ್ತೇನೋ ಅನ್ನಿಸುವಷ್ಟರಲ್ಲಿ ಅತ್ತೆ ಬಾಯಿ ಹಾಕಿದರು.

"ಅದಕ್ಯಾಕ ಮಾರಿ ಸಣ್ಣದು ಮಾಡ್ತಿ? ನಮ್ಮ ಕಡೆ ಕೂಸು ಉಳೀಲಿಲ್ಲ ಅಂದ್ರ ಮುಂದಿನ ಕೂಸಿಗೆ ತಿಪ್ಪ ಅಂತ ಹೆಸರು ಇಡ್ತಿದ್ರು. ತಿಪ್ಪಿ ಮ್ಯಾಲ ಹೊರಳಿಸಿ ತರ್ತಿದ್ರು. ಯಾರ ಕಣ್ಣೂ ಬೀಳಬಾರದು ಅಂತ. ನಿಮ್ಮ ಮುತ್ಯಾನ ಅಣ್ಣಗೂ ಅದ ಹೆಸರು. ತೊಂಬತ್ತು ದಾಟಿದ್ರು ಅವರು!"

"ತಿಪ್ಪಿ ಅಂದ್ರೆ?"

"ಕಸ ಹಾಕೋ ಗುಂಡಿ," ಎಂದೆ ನಾನು.

"ವೇಟ್. ಡಂಪ್‌ಸ್ಟರ್ ಅಂತ ಹೆಸರು ಇಟ್ರಾ ಅವರಿಗೆ?" ಎಂದವಳೇ ನಗತೊಡಗಿದಳು. ನಕ್ಕು ನಕ್ಕು ಸೊಂಟ ಹಿಡಿದುಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು ನನ್ನನ್ನು ಕೇಳಿದಳು: "ಕೃಷ್ಣ ಅಂದ್ರೂ ಕಪ್ಪು ಅಂತಲೇ ಅಲ್ವಾ?"

"ಹೌದು."

"ಸೋ ಹಿ ಈಸ್ ಕೃಷ್ಣ, ಇನ್ ವೆಲ್ಷ್. ಐ ಲವ್ ಇಟ್." ಅಷ್ಟಕ್ಕೇ ಬಿಡಲಿಲ್ಲ. ಫೋನ್ ತೆಗೆದು ಕೇಸರಿ ಕೊಟ್ಟ ಆಂಟಿಗೆ ಮೆಸೇಜ್ ಕಳಿಸಿದಳು: ಕೇಸರಿಗೆ ಥ್ಯಾಂಕ್ಸ್, ಆದರೆ ನಾವು ಆರಿಸಿದ ಹೆಸರಿನ ಅರ್ಥವೇ 'ಕಪ್ಪನೆಯ ಹುಡುಗ', ಹಾಗಾಗಿ ಅದನ್ನು ಶ್ರೀಖಂಡಕ್ಕೆ ಹಾಕುತ್ತೇವೆ. ಆಂಟಿಯಿಂದ ಕೈಮುಗಿಯುವ ಎರಡು ಎಮೋಜಿ ಬಂದವು. ಶ್ರೀಖಂಡವನ್ನು ಅತ್ತೆಯೇ ಮುಂದೆ ನಿಂತು ಮಾಡಿಸಿದರು.

ಮಗು ಕೊರೆಯುವ ಚಳಿಯಲ್ಲಿ ಹುಟ್ಟಿತು. ಹಿಮ ಕರಗಿದ ಮೇಲೆ ತೊಟ್ಟಿಲ ಶಾಸ್ತ್ರ ಇಟ್ಟುಕೊಂಡೆವು. ಅತ್ತೆಯ ಕಡೆಯ ಪದ್ಧತಿಯಂತೆ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಎಂದರೆ ಅಳಿಯನ ಅಕ್ಕ. ನನ್ನ ಇಳಕಲ್ ಸೀರೆಯನ್ನು ಪಿನ್ನುಗಳ ಬಲದ ಮೇಲೆ ಉಟ್ಟು ತೊಟ್ಟಿಲ ಮೇಲೆ ಬಗ್ಗಿದಳು. ಹೆಸರು ಹೇಳುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ ಎಂಬುದನ್ನು ಅವಳಿಗೆ ತಿಳಿಸಲು ಎಲ್ಲರೂ ಮರೆತಿದ್ದೆವು. ದಬದಬನೆ ಗುದ್ದು ಬಿದ್ದಾಗ ಪಾಪ, ಅವಳು ಬೆಚ್ಚಿ, ಪಿಸುಗುಟ್ಟಬೇಕಾದ ಹೆಸರನ್ನು ಮನೆಯೆಲ್ಲ ಕೇಳುವಂತೆ ಕಿರುಚಿದಳು. ಮಗುವೂ ಬೆಚ್ಚಿ ಅತ್ತಿತು. ಬೀಗರು ಎದ್ದು ಚಪ್ಪಾಳೆ ತಟ್ಟಿದರು. ಅದೂ ಶಾಸ್ತ್ರವೆಂದೇ ಅವರು ತಿಳಿದಿದ್ದರು.

ಇತ್ತೀಚೆಗೆ, ಮಗಳು ಅಳಿಯ ಇಬ್ಬರಿಗೂ ಆಫೀಸು ಇದ್ದ ದಿನ, ಲಸಿಕೆ ಹಾಕಿಸಲು ನಾನೂ ಬೀಗರೂ ಮಗುವನ್ನು ಮಕ್ಕಳ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದೆವು. ಮಗುವಿಗೆ ನನ್ನ ಮಗಳದೇ ಬಣ್ಣ. ಒಳಗಿನಿಂದ ಬಂದ ಯುವತಿ ಪರದೆಯ ಮೇಲಿನ ಹೆಸರನ್ನು ನೋಡಿ, ಮಗುವನ್ನು ನೋಡಿ, ನನ್ನನ್ನು ಕೇಳಿದಳು.

"ತುಂಬ ಚೆಂದದ ಇಂಡಿಯನ್ ಹೆಸರು. ಹೇಗೆ ಹೇಳೋದು?"

"ಅದು ನಮ್ಮ ಕಡೆಯ ಹೆಸರು," ಎಂದರು ಮಗುವನ್ನು ಎತ್ತಿಕೊಂಡಿದ್ದ ಬೀಗರು, ಎದೆ ಉಬ್ಬಿಸಿ.

ಆಕೆ ಅವರ ಬಿಳಿಯ ಮುಖ ನೋಡಿ ನಕ್ಕು, ನಂಬದೆ ಮತ್ತೆ ನನ್ನ ಕಡೆಗೇ ತಿರುಗಿದಳು. ನಾನು ನಿಧಾನವಾಗಿ ಹೇಳಿಕೊಟ್ಟೆ. ಮೊದಲ ಸಲ ಜೆಥಿನ್ ಎಂದಳು, ಆಮೇಲೆ ಗೀತನ್ ಎಂದಳು. ಮತ್ತೊಮ್ಮೆ ಹೇಳಿದಾಗ ಸರಿಯಾಗಿ ಬಂತು. ಬೀಗರ ಭುಜದ ಮೇಲಿದ್ದ ಮಗು ಕತ್ತು ಹೊರಳಿಸಿ, ಕರೆದವರು ಯಾರು ಎಂದು ಅವಳನ್ನೇ ನೋಡತೊಡಗಿತು.